ಎಲ್ಲಾ ತಿಂಗಳೂ ಒಂದೇ ರೀಡಿಂಗ್ ಇದ್ದರೆ ಅನುಮಾನ ಶುರು

ಗ್ಯಾಸ್ ಲೈನ್ ತಪಾಸಣೆಗೆ ಬಂದವರು ಪೈಪು ನೋಡುವುದಕ್ಕೆ ಮೊದಲು ಕೇಳುವುದು ಸಿ.ಪಿ. ರಿಜಿಸ್ಟರ್. ಸಿ.ಪಿ. ಅಂದರೆ ಕ್ಯಾಥೋಡಿಕ್ ಪ್ರೊಟೆಕ್ಷನ್, ಉಕ್ಕಿನ ಪೈಪಿಗೆ ಕರೆಂಟ್ ಕೊಟ್ಟು ತುಕ್ಕು ತಡೆಯುವ ಏರ್ಪಾಡು; ಅದರ ವೋಲ್ಟೇಜ್ ರೀಡಿಂಗ್ ಬರೆದಿಡುವ ಪುಸ್ತಕ ಇದು. ಏಪ್ರಿಲ್‌ನಲ್ಲಿ ಮೈನಸ್ 0.98 ವೋಲ್ಟ್, ಜುಲೈಯಲ್ಲಿ ಮೈನಸ್ 0.98, ಡಿಸೆಂಬರ್‌ನಲ್ಲೂ ಮೈನಸ್ 0.98. ಹೀಗೆ ಒಂದೇ ಅಂಕಿ ಸಾಲಾಗಿ ನಿಂತಿದ್ದರೆ ಅವರ ಕೈ ಅಲ್ಲಿಗೇ ನಿಲ್ಲುತ್ತದೆ. ಸಕಲೇಶಪುರದ ಜಂಬಿಟ್ಟಿಗೆ ನೆಲ ಏಪ್ರಿಲ್‌ನಲ್ಲಿ ಬಿರಿದು ಕಲ್ಲಾಗಿರುತ್ತದೆ, ಪುನರ್ವಸು ಮಳೆ ಹಿಡಿದರೆ ಅದೇ ನೆಲ ರಾಡಿ. ಮಣ್ಣಿನ ವಿದ್ಯುತ್ ನಿರೋಧ ಇಷ್ಟು ಏರಿಳಿಯುವಾಗ ರೀಡಿಂಗ್ ಕದಲದೆ ಕೂತಿದೆ ಎಂದರೆ ಅದನ್ನು ಟೆಸ್ಟ್ ಪೋಸ್ಟ್ (ರೀಡಿಂಗ್ ತೆಗೆಯಲು ಲೈನ್ ಉದ್ದಕ್ಕೂ ನೆಟ್ಟ ಕಂಬ) ಹತ್ತಿರ ತೆಗೆದಿಲ್ಲ, ಮೇಜಿನ ಮೇಲೆ ಬರೆದಿದ್ದಾರೆ ಎಂದೇ ಅರ್ಥ. ಪೈಪಿನಲ್ಲಿ ದೋಷ ಇರಲಿ ಬಿಡಲಿ, ಕಡತಕ್ಕೂ ನೆಲಕ್ಕೂ ತಾಳೆ ಇಲ್ಲ ಎನ್ನುವುದು ಆ ಪುಟದಲ್ಲೇ ತೀರ್ಮಾನವಾಗಿಬಿಡುತ್ತದೆ. ಆಮೇಲೆ ಉಳಿದ ರಿಜಿಸ್ಟರ್‌ಗಳನ್ನೂ ಅದೇ ಕಣ್ಣಿನಲ್ಲಿ ನೋಡುತ್ತಾರೆ.

ನಿಯಮಗಳ ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ, ಹೊಸದಾಗಿ ಸೇರಿದವರಿಗೆ ಬೇಕಾಗುತ್ತದೆ. ಚಿಕ್ಕಮಗಳೂರು, ಹಾಸನ, ಕೊಡಗು ಮೂರೂ ಜಿಲ್ಲೆ ನಗರ ಅನಿಲ ವಿತರಣೆಗೆ ಒಂದೇ ಭೌಗೋಳಿಕ ಪ್ರದೇಶ. ಇದರ ಮೇಲೆ ಅಧಿಕಾರ ಇರುವುದು 2006ರ ಕಾಯ್ದೆಯಡಿ ಬಂದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಗೆ. ಸೈಟಿನಲ್ಲಿ ಎಲ್ಲರ ಬಾಯಲ್ಲೂ ಅದು ಬರೀ 'ಬೋರ್ಡ್'. ನಗರ ಜಾಲದ ತಾಂತ್ರಿಕ ಮತ್ತು ಸುರಕ್ಷತಾ ಮಾನದಂಡ 2008ರದ್ದು, ಅದೇ ಟಿ-ಫೋರ್-ಎಸ್. ತುರ್ತು ಸ್ಪಂದನೆಯ ನಿಯಮ 2010ರದ್ದು. ಲೈನ್ ಸುಸ್ಥಿತಿಯಲ್ಲಿರುವಂತೆ ನೋಡಿಕೊಳ್ಳುವ ಇಂಟೆಗ್ರಿಟಿ ಮ್ಯಾನೇಜ್‌ಮೆಂಟ್ ನಿಯಮ, ಅಂದರೆ ಐ.ಎಂ.ಎಸ್., 2013ರದ್ದು. ಮೂರನೆಯವರಿಂದ ತಪಾಸಣೆ ಮಾಡಿಸುವ ನಿಯಮ 2015ರದ್ದು. ನಿಯಮ ಮುರಿದರೆ ಕಾಯ್ದೆಯ 28ನೇ ಸೆಕ್ಷನ್‌ನಡಿ ಒಂದೊಂದು ಉಲ್ಲಂಘನೆಗೆ 1 ಕೋಟಿ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10 ಲಕ್ಷದವರೆಗೆ ಹೆಚ್ಚುವರಿ. ಅದಕ್ಕೂ ಮಿಗಿಲಾಗಿ, ಅನುಮತಿಯನ್ನೇ ಅಮಾನತು ಮಾಡುವ, ರದ್ದು ಮಾಡುವ ಅಧಿಕಾರವೂ ಇದೆ.

ಐ.ಎಂ.ಎಸ್.ನಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ಯಾವ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಎಂದು ನಾವೇ ಬರೆದು ಕೊಟ್ಟಿರುತ್ತೇವೆ. ನಿಯಮ ಕೇಳಿದ್ದಕ್ಕಿಂತ ಬಿಗಿಯಾಗಿ ಬರೆದುಕೊಂಡರೆ ಚೆನ್ನಾಗಿ ಕಾಣುತ್ತದೆ ಎಂದು ಆಫೀಸಿನಲ್ಲಿ ಕೂತವರು ಬರೆದುಬಿಡುತ್ತಾರೆ. ಮಾಡುವವರು ಇಬ್ಬರೇ ಟೆಕ್ನಿಷಿಯನ್, ಓಡಾಡಬೇಕಾದದ್ದು ಮೂರು ಜಿಲ್ಲೆ. ತಪಾಸಕರು ಅಳೆಯುವುದು ನಿಮ್ಮ ಅಳತೆಗೋಲಿನಿಂದಲೇ. ಆದ್ದರಿಂದ ಆ ದಾಖಲೆ ಬರೆಯುವಾಗ ಬೈಕ್ ಓಡಿಸುವವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಈಗ ರೀಡಿಂಗ್ ವಿಷಯಕ್ಕೆ ಬರೋಣ. ಉಕ್ಕಿನ ಲೈನ್‌ಗೆ ತುಕ್ಕು ಹಿಡಿಯದಂತೆ ಸಣ್ಣ ಡಿ.ಸಿ. ಕರೆಂಟ್ ಕೊಟ್ಟಿರುತ್ತೇವಲ್ಲ, ಅದು ತಲುಪುತ್ತಿದೆಯೇ ಎಂದು ನೋಡುವ ಉಪಕರಣ ಹಾಫ್ ಸೆಲ್. ಒಳಗೆ ತಾಮ್ರದ ಕಡ್ಡಿ, ಸುತ್ತ ಮೈಲುತುತ್ತದ ದ್ರಾವಣ. ಕರಗದ ಹರಳು ತಳದಲ್ಲಿ ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ದ್ರಾವಣ ತೆಳುವಾಗಿದೆ, ರೀಡಿಂಗ್ ನಂಬುವ ಹಾಗಿಲ್ಲ. ಅಡಿಕೆಗೆ ಬೋರ್ಡೋ ಹೊಡೆಯಲು ತರುವ ಮೈಲುತುತ್ತ ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತದೆ, ಅದನ್ನೇ ಬೋರ್‌ವೆಲ್ ನೀರಿಗೆ ಹಾಕಿ ತುಂಬುವವರಿದ್ದಾರೆ. ಬೇಡ. ಲ್ಯಾಬ್ ದರ್ಜೆಯ ಹರಳು, ಡಿಸ್ಟಿಲ್ಡ್ ವಾಟರ್ ಬಳಸಿ. ಸೆಲ್‌ನ ಕೆಳಗಿನ ಸರಂಧ್ರ ಬೆಣೆ ಒಣಗಿರಬಾರದು. ಬೇಸಿಗೆಯಲ್ಲಿ ಸೆಲ್ ಊರುವ ಜಾಗದಲ್ಲಿ ಮೇಲಿನ ಒಣ ಮಣ್ಣು ಕೆರೆದು ಒಂದು ಲೀಟರ್ ನೀರು ಹೊಯ್ದು, ಎರಡು ನಿಮಿಷ ಬಿಟ್ಟು ಊರಿ. ಟಾರು, ಜಲ್ಲಿ, ಕಾಂಕ್ರೀಟ್ ಮೇಲೆ ಇಟ್ಟು ಓದುವುದು ಸುಮ್ಮನೆ ಶ್ರಮ. ಪಾರದರ್ಶಕ ಸೆಲ್ ಆದರೆ ಬಿಸಿಲು ಬೀಳದಂತೆ ಕೈ ಅಡ್ಡ ಹಿಡಿಯಿರಿ. ಮೀಟರ್‌ನ ಒಳನಿರೋಧ ಕನಿಷ್ಠ 10 ಮೆಗಾ ಓಮ್ ಇರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಆನ್ ಮತ್ತು ಆಫ್ ನಡುವಿನ ವ್ಯತ್ಯಾಸ. ಕರೆಂಟ್ ಹರಿಯುತ್ತಿರುವಾಗ ತೆಗೆದ ಆನ್ ರೀಡಿಂಗ್‌ನಲ್ಲಿ ಮಣ್ಣಿನೊಳಗಿನ ವೋಲ್ಟೇಜ್ ನಷ್ಟವೂ ಸೇರಿಕೊಂಡಿರುತ್ತದೆ. ನಿರೋಧ ಜಾಸ್ತಿ ಇರುವ ಜಂಬಿಟ್ಟಿಗೆಯಲ್ಲಿ ಈ ನಷ್ಟ ಜೋರು. ಆನ್ ಮೈನಸ್ 1.10 ತೋರಿಸುತ್ತಿರುವಾಗಲೇ ಆಫ್ ಮೈನಸ್ 0.78 ಇರಬಹುದು. ನಾವು ಸಾಮಾನ್ಯವಾಗಿ ಹಿಡಿಯುವ ಮಟ್ಟ ಆಫ್‌ನಲ್ಲಿ ಮೈನಸ್ 0.85 ವೋಲ್ಟ್, ಅಥವಾ ಅದಕ್ಕಿಂತ ಹೆಚ್ಚು ಋಣ. ಹಾಗೆಂದು ಕರೆಂಟ್ ಏರಿಸುತ್ತಾ ಹೋಗಿ ಆಫ್‌ನಲ್ಲಿ ಮೈನಸ್ 1.2 ದಾಟಿಸಿದರೆ ಕೋಟಿಂಗ್ ಬಿಟ್ಟುಕೊಳ್ಳುತ್ತದೆ. ಆಫ್ ತೆಗೆಯಬೇಕಾದರೆ ಆ ಭಾಗಕ್ಕೆ ಕರೆಂಟ್ ಕೊಡುವ ಎಲ್ಲ ರೆಕ್ಟಿಫೈಯರ್‌ಗಳೂ ಒಂದೇ ಕ್ಷಣಕ್ಕೆ ನಿಲ್ಲಬೇಕು, ಅದಕ್ಕೇ ಜಿ.ಪಿ.ಎಸ್. ಇಂಟರಪ್ಟರ್. ಒಂದು ಯೂನಿಟ್‌ಗೆ ಹಾಕುವುದನ್ನು ಮರೆತರೂ ಆಫ್ ಅಂತ ಬರೆದದ್ದು ಅರ್ಧ ಆನ್ ಆಗಿರುತ್ತದೆ. ರಿಜಿಸ್ಟರ್‌ನಲ್ಲಿ ಆನ್, ಆಫ್ ಎರಡೂ ಕಾಲಂ ಇದ್ದು, ಪ್ರತಿ ಪೋಸ್ಟ್‌ನಲ್ಲೂ ವ್ಯತ್ಯಾಸ ಸರಿಯಾಗಿ 0.10 ಬಂದಿದ್ದರೆ ಅದನ್ನು ಅಳೆದಿಲ್ಲ, ಕಳೆದಿದ್ದಾರೆ.

ಆಫ್ ಇದ್ದಕ್ಕಿದ್ದಂತೆ ಬಿದ್ದರೆ ರೆಕ್ಟಿಫೈಯರ್ ನಾಬ್‌ಗೆ ಕೈ ಹಾಕುವ ಮೊದಲು ಎರಡು ಕಡೆ ನೋಡಿ. ಒಂದು, ಡಿ.ಆರ್.ಎಸ್., ಅಂದರೆ ಗ್ಯಾಸಿನ ಒತ್ತಡ ಇಳಿಸುವ ಸ್ಟೇಷನ್ ಬಳಿಯ ಇನ್ಸುಲೇಟಿಂಗ್ ಜಾಯಿಂಟ್. ಕರೆಂಟ್ ಆಚೆ ಬದಿಗೆ ದಾಟದಂತೆ ತಡೆಯುವುದು ಇದರ ಕೆಲಸ. ಯಾರೋ ಅರ್ಥಿಂಗ್ ಪಟ್ಟಿಯನ್ನೋ ಕೇಬಲ್ ಟ್ರೇಯನ್ನೋ ಅದರ ಎರಡೂ ಬದಿಗೆ ತಾಗುವಂತೆ ಕಟ್ಟಿರುತ್ತಾರೆ. ಕರೆಂಟೆಲ್ಲ ಸ್ಟೇಷನ್ನಿನ ಅರ್ಥಿಂಗ್‌ಗೆ ಸೋರಿಹೋಗುತ್ತದೆ. ಇನ್ನೊಂದು, ಹೆದ್ದಾರಿ ಅಥವಾ ರೈಲು ಹಳಿ ದಾಟುವ ಕೇಸಿಂಗ್. ಒಳಗಿನ ಪೈಪು, ಹೊರಗಿನ ಕೇಸಿಂಗ್ ಎರಡರ ರೀಡಿಂಗೂ ಹೆಚ್ಚುಕಡಿಮೆ ಒಂದೇ ಬಂದರೆ ಅವು ಒಂದನ್ನೊಂದು ಮುಟ್ಟಿವೆ ಎಂದು ತಿಳಿಯಿರಿ. ಹೈಟೆನ್ಷನ್ ಲೈನ್, 25 ಕೆ.ವಿ. ರೈಲು ತಂತಿಯ ಪಕ್ಕದಲ್ಲೇ ಲೈನ್ ಓಡುವ ಕಡೆ ಎ.ಸಿ. ವೋಲ್ಟೇಜನ್ನೂ ಅಳೆದು ಬರೆಯಿರಿ. 15 ವೋಲ್ಟ್ ದಾಟಿದರೆ ಪೈಪಿಗಿಂತ ಮೊದಲು ಟೆಸ್ಟ್ ಲೀಡ್ ಮುಟ್ಟುವ ಮನುಷ್ಯನಿಗೆ ಅಪಾಯ.

ಉಕ್ಕಿನದು ಇಷ್ಟಾಯಿತು. ಊರೊಳಗೆ ಹೆಚ್ಚು ಇರುವುದು ಹಳದಿ ಎಂ.ಡಿ.ಪಿ.ಇ. ಪ್ಲಾಸ್ಟಿಕ್ ಪೈಪು, ಸಾಮಾನ್ಯವಾಗಿ 4 ಬಾರ್‌ನಲ್ಲಿ ಓಡುತ್ತದೆ. ಮನೆಯ ಒಲೆಗೆ ಹೋಗುವಾಗ 21 ಮಿಲಿಬಾರ್‌ಗೆ ಇಳಿದಿರುತ್ತದೆ. ಇದಕ್ಕೆ ತುಕ್ಕಿನ ಭಯ ಇಲ್ಲ, ಜಾಯಿಂಟಿನ ಭಯ ಉಂಟು.

ಈ ಪೈಪುಗಳನ್ನು ಸೇರಿಸುವುದು ಎಲೆಕ್ಟ್ರೋಫ್ಯೂಷನ್‌ನಿಂದ: ಒಳಗೆ ತಂತಿ ಇರುವ ಕಪ್ಲರ್ ತೊಡಿಸಿ, ಕರೆಂಟ್ ಹರಿಸಿ, ಪ್ಲಾಸ್ಟಿಕ್ ಕರಗಿಸಿ ಬೆಸೆಯುವುದು. ಆ ಜಾಯಿಂಟ್ ಕೆಡುವುದಕ್ಕೆ ಮೊದಲ ಕಾರಣ ಕೆರೆಯದೇ ಇರುವುದು. ಪೈಪಿನ ಮೇಲ್ಮೈ ಗಾಳಿ, ಬಿಸಿಲಿಗೆ ಆಕ್ಸಿಡೈಸ್ ಆಗಿರುತ್ತದೆ. ಆ ಪೊರೆಯನ್ನು ಸುಮಾರು 0.2 ಎಂ.ಎಂ.ನಷ್ಟು ತೆಗೆಯದೆ ಕಪ್ಲರ್ ತೊಡಿಸಿದರೆ ಪ್ಲಾಸ್ಟಿಕ್ ಕರಗುತ್ತದೆ, ಆದರೆ ಬೆಸೆಯುವುದಿಲ್ಲ. ಕೆರೆಯುವ ಮೊದಲು ಪೈಪಿನ ತುದಿಯ ಸುತ್ತ ಮಾರ್ಕರ್‌ನಲ್ಲಿ ಅಡ್ಡಾದಿಡ್ಡಿ ಗೀಚಿ. ರೋಟರಿ ಸ್ಕ್ರೇಪರ್ ತಿರುಗಿಸಿದ ಮೇಲೆ ಎಲ್ಲಾದರೂ ಮಸಿ ಉಳಿದಿದ್ದರೆ ಅಲ್ಲಿ ಕೆರೆದಿಲ್ಲ. ಆಕ್ಸಾ ಬ್ಲೇಡ್, ಚಾಕು, ಮರಳುಕಾಗದ ಬೇಡ. ಕೆರೆದ ಜಾಗವನ್ನು ಆಮೇಲೆ ಕೈಯಲ್ಲಿ ಮುಟ್ಟಬಾರದು, ಬೆವರು, ಎಣ್ಣೆ ಎರಡೂ ಶತ್ರು. ಮಾರ್ಕರ್‌ನಲ್ಲಿ ಒಳಹೋಗುವ ಆಳ ಗುರುತಿಸಿ, ಕ್ಲಾಂಪ್ ಹಾಕಿ, ಬಾರ್‌ಕೋಡ್ ಓದಿಸಿ. ಫಿಟ್ಟಿಂಗ್ ಮೇಲೆ ಅಚ್ಚಾಗಿರುವ ತಣಿಯುವ ಸಮಯ ಮುಗಿಯುವವರೆಗೆ ಕ್ಲಾಂಪ್ ಬಿಚ್ಚಬಾರದು.

ಮಲೆನಾಡಿನ ಇಳಿಜಾರಿನಲ್ಲಿ ಇನ್ನೊಂದು ತೊಂದರೆ. ಮೇಲಿನ ತುದಿಗೆ ಕ್ಯಾಪ್ ಹಾಕದೆ ಬಿಟ್ಟರೆ ಮಳೆನೀರು ಪೈಪಿನೊಳಗೇ ಇಳಿದು ಬಂದು ಜಾಯಿಂಟಿಗೆ ಸೇರುತ್ತದೆ. ಟ್ರೆಂಚ್ ಮೇಲೆ ಟಾರ್ಪಾಲ್ ಕಟ್ಟಿದ್ದು ವ್ಯರ್ಥ. ಒಳಗಿನ ತೇವ ಆವಿಯಾಗಿ ಬೆಸುಗೆಯಲ್ಲಿ ಗುಳ್ಳೆ ಬಿಡುತ್ತದೆ. ಜನರೇಟರ್‌ನಿಂದ ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವೈರ್ ಎಳೆದರೆ ವೋಲ್ಟೇಜ್ ಕುಸಿದು ಮಷಿನ್ ಅರ್ಧದಲ್ಲಿ ನಿಲ್ಲುತ್ತದೆ; ಆ ಕಪ್ಲರನ್ನು ಕತ್ತರಿಸಿ ಬಿಸಾಡಬೇಕು, ಮತ್ತೆ ಬಿಸಿ ಮಾಡಿ ಮುಗಿಸಿಬಿಡೋಣ ಅನ್ನುವುದು ಬೇಡ.

ಇದನ್ನು ಗಟ್ಟಿಯಾಗಿ ಹೇಳಬೇಕು: ಕೆರೆಯದ ಜಾಯಿಂಟ್ ಪ್ರೆಷರ್ ಟೆಸ್ಟ್ ಪಾಸಾಗುತ್ತದೆ. 4 ಬಾರ್ ಲೈನ್‌ಗೆ ಒಂದೂವರೆ ಪಟ್ಟು, ಅಂದರೆ 6 ಬಾರ್ ಗಾಳಿ ತುಂಬಿ ಇಟ್ಟರೂ ಗೇಜ್ ಮುಳ್ಳು ಕದಲುವುದಿಲ್ಲ. ಫಿಟ್ಟಿಂಗ್ ಮೇಲಿನ ಸೂಚಕ ಕಡ್ಡಿಯೂ ಎದ್ದಿರುತ್ತದೆ. ಎಷ್ಟೋ ಕಾಲದ ಮೇಲೆ, ಮೇಲಿನ ಮಣ್ಣು ಕುಸಿದಾಗಲೋ ಭಾರಿ ಲಾರಿ ಓಡಾಡಿದಾಗಲೋ ಕಳಚಿಕೊಳ್ಳುತ್ತದೆ. ಒಂದು ಜಾಯಿಂಟ್ ಸೀಳಿ ಎಳೆದು ನೋಡಿದರೆ ಗೊತ್ತಾಗುತ್ತದೆ: ಒಳ್ಳೆಯದು ಹರಿದು ನಾರುನಾರಾಗುತ್ತದೆ, ಕೆಟ್ಟದ್ದು ಹಲಸಿನ ಬೀಜದ ಸಿಪ್ಪೆಯಂತೆ ನುಣ್ಣಗೆ ಬಿಟ್ಟುಬರುತ್ತದೆ. ಹಾಗಾಗಿ ತಪಾಸಕರು ಟೆಸ್ಟ್ ಚಾರ್ಟ್‌ಗಿಂತ ಹೆಚ್ಚಾಗಿ ಫ್ಯೂಷನ್ ಮಷಿನ್‌ನ ಡೇಟಾ ಕೇಳುತ್ತಾರೆ. ಜಾಯಿಂಟ್ ನಂಬರ್, ವೆಲ್ಡರ್ ಕಾರ್ಡ್, ಗಂಟೆ-ನಿಮಿಷ ಎಲ್ಲ ಅದರಲ್ಲಿ ಇರುತ್ತದೆ. ಎರಡು ಜಾಯಿಂಟ್ ನಡುವೆ ಮೂರೇ ನಿಮಿಷ, ಜಾಗ ಮಾತ್ರ 200 ಮೀಟರ್ ದೂರ ಎಂದು ಬಂದರೆ ಯಾರೂ ತಣಿಯಲು ಕಾದಿಲ್ಲ ಎಂದಾಯಿತು. ರಜೆಯಲ್ಲಿರುವ ವೆಲ್ಡರ್‌ನ ಕಾರ್ಡ್ ಆ ದಿನ ಕೆಲಸ ಮಾಡಿರುವುದೂ ಇದೇ ಡೇಟಾದಲ್ಲಿ ಸಿಗುತ್ತದೆ, ಹಾಜರಿ ಪುಸ್ತಕ ಪಕ್ಕದಲ್ಲಿಟ್ಟರೆ ಸಾಕು.

ಪೈಪು ಎಳೆಯುವಾಗ ಕಲ್ಲಿಗೆ ಉಜ್ಜಿದ ಗೀರುಗಳಿಗೂ ಲೆಕ್ಕ ಉಂಟು. ಗೋಡೆಯ ದಪ್ಪದ 10 ಶೇಕಡಕ್ಕಿಂತ ಆಳವಾದ ಗೀರು ಬಿದ್ದರೆ ಆ ತುಂಡು ಕತ್ತರಿಸಲೇಬೇಕು. 63 ಎಂ.ಎಂ., ಎಸ್.ಡಿ.ಆರ್. 11 (ಅಂದರೆ ಹೊರವ್ಯಾಸ ಗೋಡೆಯ ದಪ್ಪದ ಸುಮಾರು 11 ಪಟ್ಟು) ಪೈಪಿನ ಗೋಡೆ 5.8 ಎಂ.ಎಂ. ಹತ್ತರಲ್ಲೊಂದು ಭಾಗ ಅಂದರೆ ಹೆಚ್ಚುಕಡಿಮೆ ನಿಮ್ಮ ಉಗುರಿನ ದಪ್ಪ.

ಲೀಕ್ ಸರ್ವೆಯಲ್ಲಿ ಮೋಸ ಹೋಗುವುದು ಮಳೆಗಾಲದಲ್ಲಿ. ನೆಲ ನೀರು ಕುಡಿದು ತುಂಬಿದಾಗ ಗ್ಯಾಸ್ ನೆಟ್ಟಗೆ ಮೇಲೆ ಬರುವುದಿಲ್ಲ. ಟಾರು ರಸ್ತೆ ಕೆಳಗಾದರೆ ಪಕ್ಕಕ್ಕೆ ಸರಿದು ಒಳಚರಂಡಿ ಮ್ಯಾನ್‌ಹೋಲ್, ಕೇಬಲ್ ಡಕ್ಟ್ ಹಿಡಿಯುತ್ತದೆ. ಆದ್ದರಿಂದ ಜುಲೈ ನಡುವೆ ಮಾಡಿದ ಸರ್ವೆಯಲ್ಲಿ ಎಲ್ಲಾ ಸೊನ್ನೆ ಎಂದಿದ್ದರೆ ಅದಕ್ಕೆ ಬೆಲೆ ಕಡಿಮೆ. ಆ ದಿನ ಮಳೆ ಇತ್ತೇ ಎಂದು ಹಾಳೆಯಲ್ಲಿ ಬರೆಯಿರಿ, ಮ್ಯಾನ್‌ಹೋಲ್‌ಗಳಲ್ಲೂ ಡಿಟೆಕ್ಟರ್ ಇಳಿಸಿ ಅದರ ಅಂಕಿ ಬರೆಯಿರಿ, ಬಾರ್‌ಹೋಲ್ (ಗ್ಯಾಸ್ ಇದೆಯೇ ನೋಡಲು ಸಲಾಕೆಯಿಂದ ನೆಲಕ್ಕೆ ಮಾಡುವ ತೂತು) ತೆಗೆದ ಜಾಗ ಗುರುತಿಸಿ. ಮಳೆ ನಿಂತು ಹದಿನೈದು ದಿನಕ್ಕೆ ಮತ್ತೊಂದು ಸುತ್ತು ಹಾಕಿದರೆ ಒಳ್ಳೆಯದು. ವಾಸನೆಯನ್ನೇ ನಂಬಬೇಡಿ: ಗಾಳಿಯಲ್ಲಿ ಗ್ಯಾಸ್ ಸುಮಾರು 5 ಶೇಕಡ ಆದರೆ ಹೊತ್ತಿಕೊಳ್ಳುತ್ತದೆ, ಅದರ ಐದನೇ ಒಂದು ಭಾಗ ಇರುವಾಗಲೇ ಮೂಗಿಗೆ ಹೊಡೆಯಬೇಕು ಎಂಬ ಲೆಕ್ಕದಲ್ಲಿ ವಾಸನೆ ಬೆರೆಸಿರುತ್ತಾರೆ. ಆದರೆ ಮಣ್ಣಿನ ಮೂಲಕ ಸೋಸಿ ಬಂದ ಗ್ಯಾಸ್ ವಾಸನೆಯನ್ನು ಮಣ್ಣಿಗೇ ಬಿಟ್ಟು ಬರಬಹುದು.

ಕಾಗದ ಒಂದು ಹೇಳಿ ಪೈಪು ಇನ್ನೊಂದು ಹೊತ್ತರೆ ಏನಾಗುತ್ತದೆ ಎನ್ನುವುದಕ್ಕೆ ದೂರದ ಉದಾಹರಣೆ 2014ರ ಜೂನ್ 27ರ ನಗರಂ ದುರಂತ. ಆಂಧ್ರದ ಆಗಿನ ಪೂರ್ವ ಗೋದಾವರಿ ಜಿಲ್ಲೆಯಲ್ಲಿ ಪೈಪ್‌ಲೈನ್ ಸ್ಫೋಟಗೊಂಡು 20ಕ್ಕೂ ಹೆಚ್ಚು ಜನ ಸತ್ತರು. ಒಣ ಗ್ಯಾಸಿಗೆಂದು ಇದ್ದ ಲೈನಿನಲ್ಲಿ ನೀರು, ಕಂಡೆನ್ಸೇಟ್ ಸೇರಿದ ಹಸಿ ಗ್ಯಾಸ್ ಹರಿದಿತ್ತು, ಪೈಪು ಒಳಗಿನಿಂದ ತಿಂದುಹೋಗಿತ್ತು. ಹೊರಗಿನ ಸಿ.ಪಿ. ಎಷ್ಟೇ ಚೆನ್ನಾಗಿದ್ದರೂ ಒಳಗಿನ ತುಕ್ಕಿಗೆ ಅದು ಮದ್ದಲ್ಲ.

ಅಗೆತದ ಹಾನಿ ನಮ್ಮ ಕಡೆ ನಿತ್ಯದ ಗೋಳು. ಕುಡಿಯುವ ನೀರಿನ ಪೈಪು, ಓ.ಎಫ್.ಸಿ. ಕೇಬಲ್, ರಸ್ತೆ ಅಗಲೀಕರಣ ಯಾವುದಕ್ಕೂ ಜೆ.ಸಿ.ಬಿ. ಬರುತ್ತದೆ. ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿದೆ, ಅಗೆಯುವವರು ಮೊದಲೇ ತಿಳಿಸಬೇಕು. ತಿಳಿಸಿದರೆ ನಾವು ಹೋಗಿ ಲೈನ್ ತೋರಿಸಬೇಕು, ಅಲ್ಲೇ ನಮ್ಮ ಬಂಡವಾಳ ಬಯಲಾಗುವುದು. ಪ್ಲಾಸ್ಟಿಕ್ ಪೈಪು ಲೊಕೇಟರ್‌ಗೆ ಸಿಗುವುದಿಲ್ಲ, ಜೊತೆಗೆ ತಂತಿ ಹಾಕಿರದಿದ್ದರೆ ನಕ್ಷೆಯೇ ಗತಿ. ನಕ್ಷೆಯಲ್ಲಿ 'ಕಾಂಪೌಂಡ್‌ನಿಂದ 1.2 ಮೀಟರ್' ಎಂದಿರುತ್ತದೆ. ರಸ್ತೆ ಅಗಲ ಮಾಡುವಾಗ ಆ ಕಾಂಪೌಂಡೇ ಹೋಗಿದೆ. ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಮೂರ್ನಾಲ್ಕು ಮೀಟರ್ ಆಚೀಚೆ ತೋರಿಸುತ್ತದೆ. ಅಳತೆಯನ್ನು ಕನಿಷ್ಠ ಎರಡು ಗುರುತುಗಳಿಂದ, ಸೇತುವೆ, ಕಲ್ವರ್ಟ್‌ನಂಥ ಬೇಗ ಒಡೆಯದ ವಸ್ತುಗಳಿಂದ ತೆಗೆದಿಡಿ. ಗುರುತು ಹಾಕಿದ ಮೇಲೂ ಕೈಯಿಂದ ಗುಂಡಿ ತೋಡಿ ಪೈಪು ಕಣ್ಣಾರೆ ಕಾಣುವವರೆಗೆ "ಅಣ್ಣಾ, ಬಕೆಟ್ ಇಳಿಸಬೇಡ" ಎಂದು ಡ್ರೈವರ್‌ಗೆ ಹೇಳಿ, ಅಲ್ಲೇ ನಿಲ್ಲಿ. ಎಚ್ಚರಿಕೆ ಟೇಪ್ ಪೈಪಿನ ಮೇಲೆ ಸುಮಾರು 300 ಎಂ.ಎಂ. ಎತ್ತರದಲ್ಲಿರಬೇಕು; ಪೈಪಿಗೇ ಸುತ್ತಿಟ್ಟರೆ ಬಕೆಟ್‌ನಲ್ಲಿ ಎರಡೂ ಒಟ್ಟಿಗೇ ಬರುತ್ತವೆ.

ಹಾಸನ ಜಿಲ್ಲೆಯ ಮೂಲಕ ಹೋಗುವ ಮಂಗಳೂರಿನ ಎಲ್.ಪಿ.ಜಿ., ತೈಲದ ದೂರದ ಲೈನ್‌ಗಳ ಕಥೆ ಬೇರೆ. ಅಲ್ಲಿ 1962ರ ಪೈಪ್‌ಲೈನ್ ಕಾಯ್ದೆಯ ಬಳಕೆ ಹಕ್ಕು ಇದೆ. ಜಮೀನು ರೈತರದ್ದೇ, ಆದರೆ ಆ ಪಟ್ಟೆಯಲ್ಲಿ ಮನೆ, ಬಾವಿ, ಕೆರೆ, ಮರ ಬೇಡ. ಕಾಫಿ ತೋಟದವರಿಗೆ ನೆರಳಿನ ಸಿಲ್ವರ್ ಓಕ್ ನೆಡಬಾರದು ಎನ್ನುವುದೇ ದೊಡ್ಡ ಕಿರಿಕಿರಿ, ಅದರಲ್ಲಿ ಅವರ ತಪ್ಪೇನಿಲ್ಲ. ಲೈನ್ ಉದ್ದಕ್ಕೂ ನಡೆದು ಕಾವಲು ನೋಡುವ ಲೈನ್ ವಾಕರ್, ಗಿಡ ಮೊಣಕಾಲೆತ್ತರ ಇರುವಾಗಲೇ ಮಾತಾಡಬೇಕು, ಮರವಾದ ಮೇಲೆ ನೋಟಿಸ್ ಹಿಡಿದು ಹೋಗುವುದಲ್ಲ.

ಕೊನೆಗೆ ಉತ್ತರ ಬರೆಯುವ ಕೆಲಸ. ತಪಾಸಣೆಯಲ್ಲಿ ಪದೇಪದೇ ಸಿಗುವುದು ಟಾರು ಮುಚ್ಚಿದ ವಾಲ್ವ್ ಚೇಂಬರ್. ನಕ್ಷೆಯಲ್ಲಿ ವಾಲ್ವ್ ಇದೆ, ರಸ್ತೆಯಲ್ಲಿ ಕಾಣುವುದಿಲ್ಲ. ಅದಕ್ಕೆ 'ಸರಿಪಡಿಸಲಾಗಿದೆ' ಎಂಬ ಒಂದು ಸಾಲು ಬರೆದು ಕಳಿಸಿದರೆ ವಾಪಸ್ ಬರುತ್ತದೆ. ವಾಲ್ವ್ ನಂಬರ್, ಮೊದಲಿನ ಮತ್ತು ನಂತರದ ಫೋಟೋ, ಮುಚ್ಚಳವನ್ನು ರಸ್ತೆ ಮಟ್ಟಕ್ಕೆ ಎಷ್ಟು ಎತ್ತಿದಿರಿ, ಕೀ ಹಾಕಿದಾಗ ಪೂರ್ತಿ ತಿರುಗಿತೇ ಅರ್ಧಕ್ಕೆ ಹಿಡಿಯಿತೇ, ಇಷ್ಟನ್ನೂ ಬರೆಯಿರಿ. ಅರ್ಧಕ್ಕೆ ಹಿಡಿದಿದ್ದರೆ ಹಾಗೆಂದೇ ಬರೆದು ಬದಲಿಸುವ ತಾರೀಖು ಕೊಡಿ. ಚೇಂಬರ್ ತೆರೆದೊಡನೆ ಇಳಿಯಬೇಡಿ, ಮೊದಲು ಡಿಟೆಕ್ಟರ್ ಬಿಡಿ. ಒಳಗೆ ಹೂಳು, ನೀರು ತುಂಬಿದ್ದರೆ ಬಕೆಟ್‌ನಲ್ಲಿ ಖಾಲಿ ಮಾಡಿ, ತಳದ ಜಲ್ಲಿ ಕಾಣುವ ಫೋಟೋವನ್ನು ಅದೇ ಉತ್ತರಕ್ಕೆ ಲಗತ್ತಿಸಿ.