ಆರನೇ ಬೆರಳು, ಇರುಳುಗಣ್ಣು

ತೀರ್ಥಹಳ್ಳಿ ಹತ್ತಿರದ ನಮ್ಮಕ್ಕನ ಮಗನಿಗೆ ಹುಟ್ಟುವಾಗಲೇ ಎರಡೂ ಕಾಲಲ್ಲಿ ಕಿರುಬೆರಳ ಪಕ್ಕ ಇನ್ನೊಂದು ಬೆರಳಿತ್ತು. ಅಜ್ಜಿ 'ಅದೃಷ್ಟವಂತ' ಅಂದ್ರು. ಬೆಳೀತಾ ಮೈ ಊದಿತು; ಮುಸ್ಸಂಜೆಯಲ್ಲಿ ತೋಟದ ಸಂಕ ದಾಟೋಕೆ ಕಾಲಲ್ಲೇ ತಡಕ್ತಿದ್ದ. ಊಟ ಜಾಸ್ತಿ ಹಾಕ್ತೀಯ ಅಂತ ಅಕ್ಕನಿಗೇ ಬೈಗುಳ. ಬೆರಳಿಗೂ ಕಣ್ಣಿಗೂ ನಂಟಿದೆ ಅಂತ ಯಾರಿಗೆ ಹೊಳೀಬೇಕು? ಜೀನ್ ಪರೀಕ್ಷೆ ಹೇಳಿತು: ಬಾರ್ಡೆಟ್-ಬೀಡಲ್ ಸಿಂಡ್ರೋಮ್.

ನಮ್ಮ ಬಹುಪಾಲು ಜೀವಕೋಶಗಳಿಗೆ ಪ್ರೈಮರಿ ಸಿಲಿಯಮ್ ಅನ್ನೋ ಒಂದೊಂದು ಸೂಕ್ಷ್ಮ ರೋಮ ಇರುತ್ತೆ, ಮಾಡಿನ ಮೇಲಿನ ಆಂಟೆನಾ ಥರ. ಭ್ರೂಣದಲ್ಲಿ ಎಷ್ಟು ಬೆರಳು ಮೂಡಬೇಕು ಅನ್ನೋ ಸಂಕೇತ ಹಾಯೋದು ಇದರ ಮೂಲಕ. ಮಬ್ಬು ಬೆಳಕಲ್ಲಿ ನೋಡೋಕೆ ಬೇಕಾದ ಕಣ್ಣಿನ ರಾಡ್ ಕೋಶದಲ್ಲಿ ಬೆಳಕು ಹಿಡಿಯೋ ಭಾಗ ಕೂಡ ರೂಪ ಬದಲಿಸಿದ ಸಿಲಿಯಮ್ಮೇ. ಹಸಿವು ತಣಿಸೋ ಮಿದುಳಿನ ಕೋಶಗಳಿಗೂ ಅದು ಬೇಕು. (ಬೈದವರು ಇದನ್ನ ಓದಲಿ.) 8 ಪ್ರೋಟೀನುಗಳು ಸೇರಿದ 'ಬಿಬಿಸೋಮ್' ಸಿಲಿಯಮ್ಮಿನೊಳಗೆ ಸರಕು ಸಾಗಿಸುತ್ತೆ. ಸಿಲಿಯಮ್ ಸರಿಯಾಗಿರೋಕೆ ಬೇಕಾದ 20ಕ್ಕೂ ಹೆಚ್ಚು ಜೀನುಗಳಲ್ಲಿ ಯಾವುದು ಕೆಟ್ಟರೂ ಇದೇ ಕಾಯಿಲೆ ಬರಬಹುದು. ಕಿಡ್ನಿಗೂ ಪೆಟ್ಟು ಬೀಳುತ್ತೆ, ಅದಕ್ಕೇ ಶಿವಮೊಗ್ಗಕ್ಕೆ ಹೋಗಿ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಬೇಕಾದ ಕಶ್ಮಲ) ಎಷ್ಟಿದೆ ಅಂತ ನೋಡಿಸ್ತಾ ಇರ್ತಾರೆ.

ಸಾಮಾನ್ಯವಾಗಿ ಅಪ್ಪ-ಅಮ್ಮ ಇಬ್ಬರಿಂದಲೂ ಜೀನಿನ ಕೆಟ್ಟ ಪ್ರತಿ ಬಂದರೆ ಮಾತ್ರ ರೋಗ. ಇಬ್ಬರೂ ವಾಹಕರಾದರೆ (ಒಂದು ಕೆಟ್ಟ ಪ್ರತಿ ಇದ್ದೂ ರೋಗ ಇಲ್ಲದವರು) ಪ್ರತಿ ಬಸಿರಲ್ಲೂ ನಾಲ್ಕರಲ್ಲೊಂದು ಸಾಧ್ಯತೆ. ಅಕ್ಕನನ್ನ ಕೊಟ್ಟಿದ್ದು ಸೋದರಮಾವನಿಗೆ. ಹೊರಸಂಬಂಧದಲ್ಲೂ ಇದು ಬರುತ್ತೆ ನಿಜ, ಆದರೆ ಒಂದೇ ಕೆಟ್ಟ ಜೀನು ಇಬ್ಬರಲ್ಲೂ ಸಿಗೋ ಸಂಭವ ರಕ್ತಸಂಬಂಧದಲ್ಲಿ ಜಾಸ್ತಿ.

ಈಗ ಹುಡುಗನ ತಂಗಿಗೂ ಬಳಗದಲ್ಲೇ ಗಂಡು ನೋಡ್ತಿದ್ದಾರೆ. ಮೊದಲು ಇಬ್ಬರಿಗೂ ಜೀನ್ ಪರೀಕ್ಷೆ ಮಾಡಿಸಿ ಅಂದೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾರೆ.