ಬೀಗದ ಮುಂದೆ ಹಾರನ್

ಸೋಮವಾರಪೇಟೆ ಕಡೆಯ ಒಂದು ಗ್ರಾಮ ಪಂಚಾಯತಿಯಲ್ಲಿ ನಾನು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಆಗಿದ್ದಾಗ ನನ್ನ ಮೇಜಿನ ಮೇಲೆ ಎರಡು ಕಡತಗಳು ಒಂದನ್ನೊಂದು ಮುಟ್ಟದೆ ದಪ್ಪವಾಗುತ್ತಿದ್ದವು. ಒಂದು, ಮನೆಮನೆ ಕಸ ಸಂಗ್ರಹದ ಮಾಸಿಕ ವರದಿ. ಇನ್ನೊಂದು, ಮೋರಿ ಪಕ್ಕದ ತಿರುವಿನಲ್ಲಿ ಬೈಕ್ ಸವಾರರು ಬೀಳುತ್ತಿದ್ದಾರೆಂದು ಗ್ರಾಮಸಭೆಯಲ್ಲಿ ಬಂದ ಅರ್ಜಿಗಳು. ಮೊದಲನೆಯದು ತಾಲ್ಲೂಕು ಪಂಚಾಯತಿಗೆ ಹೋಗುತ್ತಿತ್ತು. ಎರಡನೆಯದನ್ನು, ರಸ್ತೆ ನಮ್ಮ ವ್ಯಾಪ್ತಿಯದಲ್ಲ ಎಂಬ ಷರಾದೊಂದಿಗೆ, ಲೋಕೋಪಯೋಗಿ ಇಲಾಖೆಗೆ ರವಾನಿಸುತ್ತಿದ್ದೆ.

ಆ ತಿರುವಿನಲ್ಲಿ ಕಸದ ಚೀಲಗಳ ರಾಶಿಯಿತ್ತು. ರಾಶಿಗೆ ನಾಯಿಗಳೂ ಬಿಡಾಡಿ ದನಗಳೂ ಬರುತ್ತಿದ್ದವು, ಅವುಗಳನ್ನು ತಪ್ಪಿಸಲು ಇಳಿಜಾರಿನಲ್ಲಿ ಬರುವವರು ಬಲಕ್ಕೆ ಹೊರಳುತ್ತಿದ್ದರು. ಜೂನ್ ಕಳೆದ ಮೇಲೆ ಇನ್ನೂ ಕಷ್ಟ: ಹಾಲಿನ ಕವರುಗಳು ಮೋರಿಯ ಬಾಯಿಗೆ ಮೆತ್ತಿಕೊಂಡು, ಚರಂಡಿಯ ನೀರು ತೋಟದ ಕೆಂಪು ಮಣ್ಣನ್ನೂ ಹೊತ್ತು ರಸ್ತೆಗೇ ಹರಿಯುತ್ತಿತ್ತು. ಮಂಜು ಕವಿದ ಬೆಳಿಗ್ಗೆ ಆ ಕೆಸರು ಕಾಣುತ್ತಿದ್ದುದು ಚಕ್ರ ಅದರ ಮೇಲೆ ಬಂದ ನಂತರವೇ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳು, ಇಲ್ಲವೇ 10 ಸಾವುಗಳು ಸಂಭವಿಸಿದರೆ ಆ ಜಾಗವನ್ನು ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸುತ್ತಾರೆ. ನಮ್ಮಲ್ಲಿ ಮೊಣಕಾಲು ತರಚಿಕೊಂಡವರು ಎದ್ದು ಮನೆಗೆ ಹೋಗುತ್ತಿದ್ದರು, ಪೊಲೀಸ್ ದೂರು ಕೊಡುತ್ತಿರಲಿಲ್ಲ. ಕಸ ಸುರಿಯುವ ಜಾಗವನ್ನೂ ನಮ್ಮ ಸಭೆಗಳಲ್ಲಿ ಬ್ಲ್ಯಾಕ್ ಸ್ಪಾಟ್ ಎಂದೇ ಕರೆಯುತ್ತೇವೆ. ಹಾಗಿದ್ದೂ ಎರಡು ಕಡತಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ನನಗೆ ಬಹಳ ದಿನ ಬರಲಿಲ್ಲ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಜೆಸಿಬಿ ತರಿಸಿ ರಾಶಿ ತೆಗೆಸಿದೆ, ದಂಡದ ಎಚ್ಚರಿಕೆಯ ಫಲಕ ನೆಡಿಸಿದೆ, ಫೋಟೊ ತೆಗೆಸಿ ವರದಿಗೆ ಲಗತ್ತಿಸಿದೆ. ಕೆಲವೇ ವಾರಗಳಲ್ಲಿ ರಾಶಿ ಮೇಲಿನ ತಿರುವಿಗೆ ಹೋಗಿ ಕುಳಿತಿತು. ಅಲ್ಲಿ ಎದುರಿನ ವಾಹನವೇ ಕಾಣದು, ಅಂದರೆ ಅಪಾಯವನ್ನು ಹೆಚ್ಚಿಸಿದವನು ನಾನೇ.

ಕಸದ ಆಟೋ ಓಡಿಸುತ್ತಿದ್ದ ಸ್ವಸಹಾಯ ಸಂಘದ ಅಕ್ಕ ಒಂದು ದಿನ, "ಸಾರ್, ಚೀಲ ಬಿಚ್ಚಿ ನೋಡುವ, ಯಾರದೆಂದು ಗೊತ್ತಾಗ್ತದೆ" ಎಂದರು. ಕೈಗವಸು ಹಾಕಿಕೊಂಡು ರಸ್ತೆ ಬದಿಯಲ್ಲೇ ಕುಳಿತೆವು. ಪ್ರವಾಸಿಗರ ಬಿಯರ್ ಬಾಟಲಿಗಳು ಸಿಗುತ್ತವೆಂದು ನಾನು ನಿರೀಕ್ಷಿಸಿದ್ದೆ. ಸಿಕ್ಕಿದವು ಕೂಡ, ಆದರೆ ಸ್ವಲ್ಪ. ಹೆಚ್ಚಿನ ಚೀಲಗಳಲ್ಲಿದ್ದದ್ದು ಟೀಪುಡಿಯ ಚರಟ, ಒಣಮೀನಿನ ತಲೆ, ಸೋಪಿನ ಪುಡಿಯ ಸಣ್ಣ ಪೊಟ್ಟಣಗಳು, ಬೀಡಿಕಟ್ಟಿನ ಕಾಗದ, ಎರಡನೆಯ ಮಗ್ಗಿ ಬರೆದ ಹಾಳೆ. ಎಲ್ಲ ಲೈನ್ ಮನೆಗಳ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ ಕಸ.

"ಆ ಲೈನಿಗೆ ನೀವು ಹೋಗುವುದಿಲ್ಲವೇ?" ಎಂದು ಕೇಳಿದೆ.

"ದಿನಾ ಹೋಗ್ತೇನೆ ಸಾರ್. ಬೀಗದ ಮುಂದೆ ಹಾರನ್ ಹೊಡೆದು ಬರ್ತೇನೆ."

ಆಟೋ ಅಲ್ಲಿಗೆ ತಲುಪುವ ಹೊತ್ತಿಗೆ ತೋಟದ ರೈಟರ್, ಅಂದರೆ ಗುಮಾಸ್ತರು, ಕಾರ್ಮಿಕರ ಹಾಜರಿ ಕರೆದು ಮುಗಿಸಿರುತ್ತಿದ್ದರು. ಚೀಲವನ್ನು ಬಾಗಿಲಲ್ಲಿಟ್ಟು ಕೆಲಸಕ್ಕೆ ಹೋದರೆ ಮಂಗಗಳು ಬಿಡವು. ಹೀಗಾಗಿ ಸಂಜೆ ಅಂಗಡಿಗೆ ಹೋಗುವಾಗ ಲೈನಿನವರು ಅದನ್ನು ಕೈಯಲ್ಲಿ ಹಿಡಿದು ತಿರುವಿನವರೆಗೆ ತರುತ್ತಿದ್ದರು. ನಮ್ಮ ವರದಿಯಲ್ಲಿ ಮಾತ್ರ ಆ ಮನೆಗಳೆಲ್ಲ "ಭೇಟಿ ನೀಡಲಾಗಿದೆ" ಎಂಬ ಲೆಕ್ಕಕ್ಕೆ ಸೇರುತ್ತಿದ್ದವು. ಸುಳ್ಳು ಅಂಕಿಯಲ್ಲ ಅದು, ಭೇಟಿ ನಿಜ.

ಪರಿಹಾರ ದೊಡ್ಡದೇನಲ್ಲ. ಹಾಜರಿ ಕರೆಯುವ ಜಾಗದಲ್ಲೇ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಮುಚ್ಚಳವಿರುವ ಡ್ರಮ್ ಇಡಲು ತೋಟದವರು ಒಪ್ಪಿದರು. ಆಟೋದ ದಾರಿಯನ್ನು ತಿರುಗಿಸಿ ಲೈನ್ ಮನೆಗಳ ಕಡೆಯಿಂದಲೇ ಆರಂಭಿಸಿದೆವು. ಅದಕ್ಕೆ ಪೇಟೆಯ ಅಂಗಡಿಯವರು ಗೊಣಗಿದರು. ತಿರುವಿನ ರಾಶಿ ಕರಗಿತು, ಪೂರ್ತಿ ಹೋಗಲಿಲ್ಲ. ವಾರಾಂತ್ಯದ ಬಾಟಲಿಗಳು ಈಗಲೂ ಬೀಳುತ್ತವೆ. ಮೋರಿಯ ಬಾಯಿ ಬಿಡಿಸಲು ಇಲಾಖೆಗೆ ಬರೆದ ಪತ್ರದ ಜೊತೆ ಈ ಬಾರಿ ಕಸದ ವರದಿಯನ್ನೂ ಲಗತ್ತಿಸಿದೆ.

ಅಂದಿನಿಂದ ಅಕ್ಕನ ನೋಟ್‌ಬುಕ್ಕಿನಲ್ಲಿ "ಬೀಗ" ಎಂಬ ಹೊಸ ಕಾಲಂ ಗೆರೆ ಎಳೆಸಿದೆ. ಮಾಸಿಕ ವರದಿಯ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ವರ್ಗಾವಣೆಯಾಗುವ ತನಕ ಆ ಸಂಖ್ಯೆಯನ್ನು ಅಂಚಿನಲ್ಲಿ ಕೈಯಿಂದಲೇ ಬರೆದು ಸಹಿ ಹಾಕುತ್ತಿದ್ದೆ.