ತಿರುಗಾಟ ಶುರುವಾಗುವ ಮೊದಲು ಕಂಪ್ಯೂಟರ್‌ಗೆ ಒಂದು ಹಾಟ್ ಸ್ವಾಪ್ ರ‍್ಯಾಕ್

ಯಕ್ಷಗಾನ ರೆಕಾರ್ಡ್ ಮಾಡುವವರ ಮನೆಯಲ್ಲಿ ಹಾರ್ಡ್ ಡಿಸ್ಕ್ ಎಷ್ಟಿದ್ದರೂ ಸಾಲುವುದಿಲ್ಲ. ಸೆಕೆಂಡಿಗೆ 50 ಮೆಗಾಬಿಟ್ ಲೆಕ್ಕದಲ್ಲಿ ವಿಡಿಯೊ ತೆಗೆದರೆ ಗಂಟೆಗೆ 22.5 ಜಿಬಿ ಆಗುತ್ತದೆ. ಇಡೀ ರಾತ್ರಿಯ ಆಟ ಎಂಟು ಗಂಟೆ ಅಂತ ಇಟ್ಟುಕೊಳ್ಳಿ, 180 ಜಿಬಿ. ಎರಡು ಕ್ಯಾಮೆರಾ ಇದ್ದರೆ 360. ಅಲ್ಲಿಗೆ 4 ಟಿಬಿ ಡಿಸ್ಕ್ ಹನ್ನೊಂದು ರಾತ್ರಿಗೆ ಭರ್ತಿ. ಈಗ ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿ ಆಟಗಳೇ ಜಾಸ್ತಿ ಆಗಿರುವುದರಿಂದ ಸ್ವಲ್ಪ ಪರವಾಗಿಲ್ಲ, ಆದರೂ ದೀಪಾವಳಿ ಕಳೆದು ಮೇಳಗಳು ಹೊರಟವು ಅಂದರೆ ಮೇ ಕೊನೆಗೆ, ತಿರುಗಾಟ ಮುಗಿಯುವ ಪತ್ತನಾಜೆ ಬರುವವರೆಗೂ ಡಿಸ್ಕ್‌ಗಳು ಮನೆಗೆ ಬರುತ್ತಲೇ ಇರುತ್ತವೆ.

ರೆಕಾರ್ಡ್ ಮಾಡುವುದು ನಮ್ಮ ಭಾವ. ಎಡಿಟ್ ಮಾಡುವುದು, ಕಾಪಿ ತೆಗೆದಿಡುವುದು ನನ್ನ ಪಾಲಿಗೆ. ಹಾಗಾಗಿ ಈ ಸಲ ಮಳೆಗಾಲದಲ್ಲಿ, ಆಟ ಇಲ್ಲದ ಹೊತ್ತಿಗೆ, ಡೆಸ್ಕ್‌ಟಾಪ್‌ಗೆ ಹಾಟ್ ಸ್ವಾಪ್ ರ‍್ಯಾಕ್ ಕೂರಿಸಿದೆ. ಕಂಪ್ಯೂಟರ್ ಆನ್ ಇರುವಾಗಲೇ ಮುಂದಿನಿಂದ ಡಿಸ್ಕ್ ತಳ್ಳುವುದು, ಕೆಲಸ ಮುಗಿದ ಮೇಲೆ ಎಳೆಯುವುದು. ಹಳೇ ಕ್ಯಾಸೆಟ್ ಪ್ಲೇಯರ್ ಹಾಗೆ.

ಭಾವ ಮೊದಲ ಸಲ ನೋಡಿದಾಗ ಕೇಳಿದ್ದು ಒಂದೇ ಪ್ರಶ್ನೆ: "ಕರೆಂಟ್ ಇರುವಾಗಲೇ ಎಳೆದ್ರೆ ಸುಟ್ಟು ಹೋಗುದಿಲ್ವಾ ಮಾರಾಯ?"

ಹೋಗುವುದಿಲ್ಲ, ಮತ್ತು ಅದಕ್ಕೆ ಕಾರಣ ಚಂದ ಇದೆ. ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸುವ ಸಾಟಾ ವ್ಯವಸ್ಥೆಯ ಪವರ್ ಕನೆಕ್ಟರ್‌ನಲ್ಲಿ 15 ಪಿನ್ ಇರುತ್ತವೆ, ಆದರೆ ಎಲ್ಲ ಒಂದೇ ಉದ್ದ ಇಲ್ಲ. ಡಿಸ್ಕ್ ಒಳಗೆ ಹೋಗುವಾಗ ಮೊದಲು ಮುಟ್ಟುವುದು ಗ್ರೌಂಡ್. ಆಮೇಲೆ ಪ್ರೀಚಾರ್ಜ್ ಪಿನ್‌ಗಳು, ಅಂದರೆ ಕರೆಂಟ್ ಒಮ್ಮೆಲೇ ನುಗ್ಗದೆ ರೆಸಿಸ್ಟರ್ ದಾಟಿ ನಿಧಾನಕ್ಕೆ ತುಂಬಿಕೊಳ್ಳಲಿ ಅಂತ ಇಟ್ಟಿರುವುದು. ಕೊನೆಗೆ ಉಳಿದ ಪವರ್ ಪಿನ್‌ಗಳು. ಎಳೆಯುವಾಗ ಇದೇ ಉಲ್ಟಾ. ಕೈಯಲ್ಲಿ ತಳ್ಳುವ ಆ ಅರ್ಧ ಸೆಕೆಂಡಿನ ಒಳಗೆ ಇಷ್ಟೆಲ್ಲ ಆಗಿ ಮುಗಿದಿರುತ್ತದೆ. ಈ ಮೂರು ಹಂತ ಪೂರ್ತಿ ಸಿಗುವುದು ರ‍್ಯಾಕ್ ಹಿಂದಿರುವ, ಕನೆಕ್ಟರ್ ಕೂರಿಸಿದ ಬೋರ್ಡ್ ಅಂದರೆ ಬ್ಯಾಕ್‌ಪ್ಲೇನ್‌ನಲ್ಲಿ. ಕ್ಯಾಬಿನೆಟ್ ಬಾಗಿಲು ತೆಗೆದು ಮಾಮೂಲಿ ಕೇಬಲನ್ನೇ ಕಿತ್ತು ಹಾಕುತ್ತಾ ಇದ್ದರೆ ಅದು ಸರಿಯಾಗಿ ಸಿಗಲ್ಲ. ಜೊತೆಗೆ ಒಳಗಿನ ಸಾಟಾ ಕೇಬಲ್ ಕನೆಕ್ಟರ್ ಮಾಡಿರುವುದೇ ಸುಮಾರು 50 ಸಲ ಹಾಕಿ ತೆಗೆಯಲು, ಬ್ಯಾಕ್‌ಪ್ಲೇನ್‌ನದ್ದು 500 ಸಲಕ್ಕೆ. ಒಂದು ಸೀಸನ್‌ನಲ್ಲೇ 50 ದಾಟುವವರು ರ‍್ಯಾಕ್ ಯಾಕೆ ಬೇಕು ಅಂತ ಕೇಳಬಾರದು.

"ಯುಎಸ್‌ಬಿ ಡಾಕ್ ತಗೊಂಡ್ರೆ ಆಗ್ತಿರಲಿಲ್ವಾ?" ಅಂತ ಕೇಳುವವರೂ ಇದ್ದಾರೆ. ಅಪರೂಪಕ್ಕೆ ಒಂದು ಡಿಸ್ಕ್ ನೋಡಬೇಕು ಅನ್ನುವವರಿಗೆ ಖಂಡಿತ ಸಾಕು. ನನಗೆ ಇಷ್ಟವಾಗದಿರುವುದು ಬೇರೆ. ಡಾಕ್‌ನಲ್ಲಿ ಡಿಸ್ಕ್ ಮತ್ತು ಕಂಪ್ಯೂಟರ್ ಮಧ್ಯೆ ಒಂದು ಅನುವಾದಕ ಚಿಪ್ ಕೂತಿರುತ್ತದೆ. ಕೆಲವು ಚಿಪ್‌ಗಳು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ಮಾಹಿತಿಯನ್ನು ಆಚೆ ಬಿಡುವುದೇ ಇಲ್ಲ, ಕೆಲವು ಆರು ಗಂಟೆಯ ಕಾಪಿ ನಡುವೆ ಕೈಕೊಡುತ್ತವೆ. ಮತ್ತೆ ಮೇಜಿನ ಮೇಲೆ ನೆಟ್ಟಗೆ ನಿಂತು ತಿರುಗುತ್ತಿರುವ ಡಿಸ್ಕ್, ಪಕ್ಕದಲ್ಲಿ ಓಡಾಡುವ ಮಕ್ಕಳು, ಬೇಡ ಬಿಡಿ.

ಈಗ ಕ್ಯಾಬಿನೆಟ್ ವಿಷಯ. ಡಿವಿಡಿ ಡ್ರೈವ್ ಕೂರಿಸುತ್ತಿದ್ದ 5.25 ಇಂಚಿನ ಜಾಗ ಇರುವ ಹಳೇ ಕ್ಯಾಬಿನೆಟ್ ಮೂಲೆಯಲ್ಲಿ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ, ಅದು ಈಗ ಬಂಗಾರ. ಗಾಜಿನ ಬಾಗಿಲು, ಬಣ್ಣದ ಲೈಟಿನ ಹೊಸ ಕ್ಯಾಬಿನೆಟ್‌ಗಳಲ್ಲಿ ಹೆಚ್ಚಿನವಕ್ಕೆ ಆ ಜಾಗವೇ ಇಲ್ಲ. ಒಂದು ಜಾಗ ಇದ್ದರೆ 3.5 ಇಂಚಿನ ಒಂದು ಡಿಸ್ಕ್ ಹಿಡಿಯುವ ರ‍್ಯಾಕ್ ಬರುತ್ತದೆ. ಎರಡಿದ್ದರೆ ಮೂರು ಡಿಸ್ಕ್, ಮೂರಿದ್ದರೆ ನಾಲ್ಕು ಅಥವಾ ಐದು. ಐಸಿ ಡಾಕ್, ಸಿಲ್ವರ್‌ಸ್ಟೋನ್ ಇಂಥವರು ಮಾಡುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರಿದ್ದರೆ ಅಲ್ಲಿ ವಿಚಾರಿಸಬಹುದು, ಇಲ್ಲದಿದ್ದರೆ ಆನ್‌ಲೈನ್. ದೊಡ್ಡ ರ‍್ಯಾಕ್ ತರುವ ಮೊದಲು ಕ್ಯಾಬಿನೆಟ್ ಒಳಗೆ ಟಾರ್ಚ್ ಹಾಕಿ ನೋಡಿ. ಎರಡು ಜಾಗದ ನಡುವೆ ಸಣ್ಣ ತಗಡಿನ ನಾಲಿಗೆಗಳು ಚಾಚಿರುತ್ತವೆ, ಅವನ್ನು ಇಕ್ಕಳದಲ್ಲಿ ಬಗ್ಗಿಸದೆ ರ‍್ಯಾಕ್ ಒಳಗೆ ಹೋಗುವುದಿಲ್ಲ.

ಟ್ರೇ ಇರುವುದು, ಟ್ರೇ ಇಲ್ಲದ್ದು ಅಂತ ಎರಡು ಬಗೆ. ಟ್ರೇ ಇದ್ದರೆ ಪ್ರತಿ ಡಿಸ್ಕ್‌ಗೆ ನಾಲ್ಕು ಸ್ಕ್ರೂ, ಮತ್ತು ಡಿಸ್ಕ್‌ಗಳಿಗಿಂತ ಟ್ರೇ ಕಡಿಮೆ ಇದ್ದಾಗ ಆಗುವ ತಲೆನೋವು ಬೇರೆ. ವರ್ಷಗಟ್ಟಲೆ ಒಳಗೇ ಇರುವ ಡಿಸ್ಕ್‌ಗೆ ಟ್ರೇ ಒಳ್ಳೆಯದು, ಗಟ್ಟಿಯಾಗಿ ಹಿಡಿಯುತ್ತದೆ. ಕಪಾಟಿಗೂ ಕಂಪ್ಯೂಟರ್‌ಗೂ ಓಡಾಡುವ ಡಿಸ್ಕ್‌ಗೆ ಟ್ರೇ ಇಲ್ಲದ್ದೇ ಸರಿ.

ವೈರಿಂಗ್‌ನಲ್ಲಿ ಹೇಳಲೇಬೇಕಾದ್ದು ಪವರ್ ಬಗ್ಗೆ. 3.5 ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವಾಗ 12 ವೋಲ್ಟ್ ಲೈನಿನಲ್ಲಿ ಸುಮಾರು 2 ಆಂಪ್ ಎಳೆಯುತ್ತದೆ, ಅಂದರೆ 24 ವ್ಯಾಟ್. ನಾಲ್ಕು ಒಟ್ಟಿಗೆ ಶುರುವಾದರೆ ನೂರರ ಹತ್ತಿರ. ವೇಗ ಹಿಡಿದ ಮೇಲೆ ಇಷ್ಟು ಬೇಡ, ಆದರೆ ಆ ಮೊದಲ ಕೆಲವು ಸೆಕೆಂಡಿಗೆ ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಗಟ್ಟಿ ಇರಬೇಕು. ಎಷ್ಟೋ ದೊಡ್ಡ ರ‍್ಯಾಕ್‌ಗಳಿಗೆ ಹಳೇ ನಾಲ್ಕು ಪಿನ್ನಿನ ಮೋಲೆಕ್ಸ್ ಕೊಡಬೇಕು. ಅದನ್ನು ನೇರ ಎಸ್‌ಎಂಪಿಎಸ್‌ನಿಂದ ಕೊಡಿ. ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಗ್ಗದ ಅಡಾಪ್ಟರ್‌ಗಳಲ್ಲಿ, ವೈರ್ ಮೇಲೆ ಪ್ಲಾಸ್ಟಿಕ್ ಎರಕ ಹೊಯ್ದು ಮಾಡಿದವು ಒಳಗೇ ಶಾರ್ಟ್ ಆಗಿ ಕರಗುವುದಕ್ಕೆ ಹೆಸರಾದವು. ಅಲ್ಲಿ ಮಾತ್ರ ಕಾಸು ಉಳಿಸಬೇಡಿ.

ಮೋಲೆಕ್ಸ್‌ನಿಂದ ಇನ್ನೊಂದು ಉಪಕಾರ ಇದೆ. ಯುಎಸ್‌ಬಿ ಡಬ್ಬಿ ಒಡೆದು ಒಳಗಿನ ದೊಡ್ಡ ಡಿಸ್ಕ್ ತೆಗೆದು ಬಳಸುವವರಿಗೆ ಕೆಲವೊಮ್ಮೆ ಡಿಸ್ಕ್ ತಿರುಗುವುದೇ ಇಲ್ಲ, ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ. ಸಾಟಾ 3.3 ಆವೃತ್ತಿಯಿಂದ ಮೂರನೇ ಪಿನ್ನಿಗೆ ಹೊಸ ಕೆಲಸ ಸಿಕ್ಕಿದೆ, ಅಲ್ಲಿ 3.3 ವೋಲ್ಟ್ ಕಂಡರೆ ಡಿಸ್ಕ್ ಆಫ್ ಆಗಿಯೇ ಇರುತ್ತದೆ. ಮೋಲೆಕ್ಸ್‌ನಲ್ಲಿ ಇರುವುದು 5 ಮತ್ತು 12 ವೋಲ್ಟ್ ಮಾತ್ರ, ಹಾಗಾಗಿ ಅಂಥ ರ‍್ಯಾಕ್‌ನಲ್ಲಿ ಸಾಮಾನ್ಯವಾಗಿ ಈ ತೊಂದರೆ ಬರುವುದಿಲ್ಲ.

ಮದರ್‌ಬೋರ್ಡ್‌ನಲ್ಲಿ ಸಾಟಾ ಪೋರ್ಟ್ ಎಷ್ಟಿದೆ ಅಂತ ಎಣಿಸುವಾಗ ಎಂ.2 ಸ್ಲಾಟನ್ನೂ ಲೆಕ್ಕಕ್ಕೆ ತಗೊಳ್ಳಿ, ಕೆಲವು ಬೋರ್ಡ್‌ಗಳಲ್ಲಿ ಅಲ್ಲಿ ಎಸ್‌ಎಸ್‌ಡಿ ಹಾಕಿದರೆ ಒಂದೆರಡು ಸಾಟಾ ಪೋರ್ಟ್ ಸುಮ್ನೆ ಸತ್ತು ಹೋಗುತ್ತವೆ. ಪೋರ್ಟ್ ಸಾಲದಿದ್ದರೆ ಕಾರ್ಡ್ ಹಾಕಬಹುದು. ಎಎಸ್‌ಎಂ1166 ಚಿಪ್‌ನ ಕಾರ್ಡ್ ಆರು ಪೋರ್ಟ್ ಕೊಡುತ್ತದೆ, ಮನೆಗೆ ಧಾರಾಳ. ಎಂಟು ಡಿಸ್ಕ್ ಬೇಕು ಅನ್ನುವವರು ಸರ್ವರ್‌ನಿಂದ ತೆಗೆದ ಹಳೇ ಎಲ್‌ಎಸ್‌ಐ 9211-8ಐ ಹುಡುಕುತ್ತಾರೆ. ಅದು ಬಿಸಿಯಾಗುವ ಕಾರ್ಡ್. ಸರ್ವರ್‌ನ ಜೋರು ಗಾಳಿಗೆ ಮಾಡಿದ್ದು, ಹಾಗಾಗಿ ಎದುರಿಗೆ ಒಂದು ಫ್ಯಾನ್ ಬೇಕೇ ಬೇಕು.

ಎಲ್ಲ ಜೋಡಿಸಿ ಆನ್ ಮಾಡಿ ಡಿಸ್ಕ್ ತಳ್ಳಿದರೂ ಏನೂ ಕಾಣಿಸದಿದ್ದರೆ ಗಾಬರಿ ಬೇಡ, ಬಯಾಸ್, ಅಂದರೆ ಕಂಪ್ಯೂಟರ್ ಶುರುವಾಗುವಾಗ ಸಿಗುವ ಸೆಟ್ಟಿಂಗ್ ಪುಟ ನೋಡಿ. ಸಾಟಾ ಎಎಚ್‌ಸಿಐ ಮೋಡ್‌ನಲ್ಲಿ ಇರಬೇಕು. ಅದರ ಒಳಗೆ ಪ್ರತಿ ಪೋರ್ಟ್‌ಗೂ ಹಾಟ್ ಪ್ಲಗ್ ಅಂತ ಒಂದು ಆಯ್ಕೆ ಇರುತ್ತದೆ, ಎಷ್ಟೋ ಬೋರ್ಡ್‌ಗಳಲ್ಲಿ ಅದು ಮೊದಲಿಗೆ ಆಫ್. ರ‍್ಯಾಕ್‌ಗೆ ಹೋಗುವ ಪೋರ್ಟ್‌ಗಳಿಗೆ ಮಾತ್ರ ಆನ್ ಮಾಡಿ. ಎಲ್ಲಕ್ಕೂ ಮಾಡಿದರೆ ಒಳಗೆ ಖಾಯಂ ಇರುವ ಡಿಸ್ಕ್‌ಗಳೂ ವಿಂಡೋಸ್‌ನ ಸುರಕ್ಷಿತವಾಗಿ ತೆಗೆಯುವ ಪಟ್ಟಿಯಲ್ಲಿ ಬಂದು ಕೂರುತ್ತವೆ, ನಿದ್ದೆಗಣ್ಣಿನಲ್ಲಿ ತಪ್ಪು ಹೆಸರು ಒತ್ತಿದರೆ ಕಷ್ಟ ಅಲ್ವಾ. ಲಿನಕ್ಸ್‌ನವರಿಗೆ ಒಂದು ಮಾತು: ಸಾಟಾ ಲಿಂಕಿನ ಕರೆಂಟ್ ಉಳಿತಾಯ ಜೋರಾಗಿ ಇಟ್ಟಿದ್ದರೆ ಪೋರ್ಟ್ ನಿದ್ದೆ ಮಾಡುತ್ತದೆ, ಹೊಸ ಡಿಸ್ಕ್ ಬಂದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಆ ಪೋರ್ಟ್‌ಗೆ ಉಳಿತಾಯ ತೆಗೆಯಿರಿ. ಮೌಂಟ್ ಮಾಡುವಾಗ ಎಸ್‌ಡಿಬಿ, ಎಸ್‌ಡಿಸಿ ಹೆಸರುಗಳನ್ನು ನಂಬಬೇಡಿ, ಹಾಕಿ ತೆಗೆದಂತೆ ಅವು ಬದಲಾಗುತ್ತವೆ, ಬದಲಾಗದ ಗುರುತಾದ ಯುಯುಐಡಿಯನ್ನೇ ಬರೆಯಿರಿ.

ಇನ್ನು ಎಳೆಯುವ ಕ್ರಮ. ಪಿನ್ನು ಉದ್ದಗಿಡ್ಡ ಇದ್ದ ಮಾತ್ರಕ್ಕೆ ಯಾವಾಗ ಬೇಕಾದರೂ ಎಳೆಯಬಹುದು ಅಂತಲ್ಲ. ಅದು ಕಾಪಾಡುವುದು ಎಲೆಕ್ಟ್ರಾನಿಕ್ಸನ್ನು, ನಿಮ್ಮ ಫೈಲನ್ನಲ್ಲ. ಕಾಪಿ ಮುಗಿಯಿತು ಅಂತ ಪರದೆಯ ಮೇಲೆ ಬಂದರೂ ಸ್ವಲ್ಪ ಡೇಟಾ ಇನ್ನೂ ರ‍್ಯಾಮ್‌ನಲ್ಲೇ ಇರಬಹುದು. ಮೊದಲು ವಿಂಡೋಸ್‌ಗೋ ಲಿನಕ್ಸ್‌ಗೋ ಹೇಳಿ, ಅದು ಡಿಸ್ಕ್ ಬಿಟ್ಟುಕೊಡಲಿ. ಆಮೇಲೆ ತಿರುಗುವುದು ನಿಲ್ಲಲಿ. 7200 ಆರ್‌ಪಿಎಂ ಅಂದರೆ ಸೆಕೆಂಡಿಗೆ 120 ಸುತ್ತು, ಅಷ್ಟು ವೇಗದಲ್ಲಿ ಇರುವಾಗ ಕೈಯಲ್ಲಿ ಹಿಡಿದು ಓರೆ ಮಾಡಬಾರದು. ರ‍್ಯಾಕ್ ಬಾಗಿಲು ತೆಗೆದು ಡಿಸ್ಕನ್ನು ಒಂದು ಇಂಚು ಮಾತ್ರ ಈಚೆಗೆ ಎಳೆದು, ಅರ್ಧ ನಿಮಿಷ ಹಾಗೇ ಬಿಟ್ಟು ಆಮೇಲೆ ತೆಗೆಯುವುದು ನನ್ನ ಅಭ್ಯಾಸ.

ಯಾರಾದರೂ ಹೇಳದೆ ಎಳೆದಿದ್ದರೆ ಗೊತ್ತಾಗುತ್ತದೆ. ಸ್ಮಾರ್ಟ್ ಪಟ್ಟಿಯ 192 ನಂಬರಿನ ಸಾಲಿನಲ್ಲಿ, ಕರೆಂಟ್ ಹಠಾತ್ ಹೋಗಿ ಹೆಡ್ ಹಿಂದಕ್ಕೆ ಸರಿದ ಲೆಕ್ಕ ಇರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಯುಪಿಎಸ್ ಇಲ್ಲದವರ ಡಿಸ್ಕ್‌ನಲ್ಲಿ ಈ ಸಂಖ್ಯೆ ಏರುತ್ತಾ ಇರುತ್ತದೆ. 199 ನಂಬರಿನ ಸಾಲು ಏರುತ್ತಿದ್ದರೆ ಡಿಸ್ಕನ್ನು ಬೈಯಬೇಡಿ, ಕೇಬಲ್ ಅಥವಾ ಬ್ಯಾಕ್‌ಪ್ಲೇನ್ ಸಂಪರ್ಕ ನೋಡಿ. ನಮ್ಮ ಕಡೆಯ ತೇವಕ್ಕೆ ಕನೆಕ್ಟರ್‌ಗಳು ಮಂಕಾಗುವುದು ಹೊಸತಲ್ಲ. ಕಪಾಟಿನ ಡಿಸ್ಕ್‌ಗಳು ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರುತ್ತವೆ.

ರ‍್ಯಾಕ್ ಬಂದ ಮೇಲೆ ನಿಜವಾಗಿ ಬದಲಾದದ್ದು ಎರಡನೇ ಕಾಪಿ. ಮೊದಲೆಲ್ಲ ಕಂಪ್ಯೂಟರ್ ಆಫ್ ಮಾಡಿ, ಬಾಗಿಲು ಬಿಚ್ಚಿ, ಕೇಬಲ್ ಸಿಕ್ಕಿಸಿ ಮಾಡುವ ಕೆಲಸ ಅಂತ ನಾಳೆಗೆ ಬೀಳುತ್ತಿತ್ತು. ಈಗ ಎರಡು ಡಿಸ್ಕ್ ಒಟ್ಟಿಗೆ ತಳ್ಳುತ್ತೇನೆ. ಸೆಕೆಂಡಿಗೆ 180 ಎಂಬಿ ಸಿಕ್ಕಿದರೆ ಒಂದು ರಾತ್ರಿಯ 360 ಜಿಬಿ ಅರ್ಧ ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ, ಊಟ ಮಾಡಿ ಬರುವಷ್ಟರಲ್ಲಿ ಆಗಿರುತ್ತದೆ. ಎರಡು ಡಿಸ್ಕ್‌ಗೂ ಒಟ್ಟಿಗೇ ಒಂದೇ ಡೇಟಾ ಬರೆಯುವ ರೈಡ್ ಹಾಕಿಲ್ಲ. ತಪ್ಪಿ ಅಳಿಸಿದ ಫೈಲನ್ನು ರೈಡ್ ಎರಡೂ ಡಿಸ್ಕ್‌ನಿಂದ ಒಟ್ಟಿಗೆ ಅಳಿಸುತ್ತದೆ. ಕಪಾಟಿನಲ್ಲಿರುವ ಡಿಸ್ಕ್‌ಗೆ ಆ ಸುದ್ದಿಯೇ ಮುಟ್ಟಿರುವುದಿಲ್ಲ.

ಮೂರನೇ ಕಾಪಿ ಬೆಂಗಳೂರಿನ ಅಕ್ಕನ ಮನೆಗೆ ಹೋಗುತ್ತದೆ. ರಾತ್ರಿ ಬಸ್ಸಿಗೆ ಹೋಗುವ ಯಾರಾದರೂ ಮಡಿಲಲ್ಲಿ ಇಟ್ಟುಕೊಂಡು ಹೋಗುತ್ತಾರೆ, ಡಿಕ್ಕಿಗೆ ಹಾಕುವಂತಿಲ್ಲ ಅಂತ ಭಾವನ ಕಟ್ಟಪ್ಪಣೆ. ಪ್ರತಿ ಡಿಸ್ಕ್ ಮೇಲೆ ಪ್ರಸಂಗ, ಮೇಳ, ತಾರೀಕು ಬರೆದ ಚೀಟಿ. ಚೀಟಿಯನ್ನು ಡಿಸ್ಕ್‌ನ ಅಂಚಿಗೆ ಅಂಟಿಸಿ, ಮೇಲಿನ ಸಣ್ಣ ಉಸಿರಾಟದ ತೂತಿನ ಮೇಲೆ ಬೇಡ. ಅದನ್ನು ಮುಚ್ಚಬಾರದು ಅಂತ ಡಿಸ್ಕ್ ಮೇಲೆಯೇ ಬರೆದಿರುತ್ತದೆ.